ಮುರಿದ ಕಾಲಿಗೆ ಜೀವದ ಹೊದಿಕೆ

ನಾನು ಕಲಾ ವಿಭಾಗದ ವಿದ್ಯಾರ್ಥಿ. ಇತಿಹಾಸ ನನ್ನ ವಿಷಯ, ಶಸ್ತ್ರವೈದ್ಯವಲ್ಲ. ಹೀಗಿದ್ದೂ ಈ ವರ್ಷದ ಸಂಚಿಕೆಗೆ ಕಾಲಿನ ಗಾಯದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಗುರುಗಳು ನಕ್ಕಾರು. ಆದುದರಿಂದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷಗಳ ಹಿಂದೆ, ಕಡಲೆ ಕೀಳುವ ಕಾಲದಲ್ಲಿ, ನನ್ನ ಕಾಕಾ ರೋಣದ ಪೇಟೆಯಿಂದ ಊರಿಗೆ ಮೋಟಾರ್ ಸೈಕಲ್ ಮೇಲೆ ಮರಳುತ್ತಿದ್ದರು. ಕತ್ತಲೆಯಲ್ಲಿ ಹಿಂದೆ ದೀಪವಿಲ್ಲದೆ ರಸ್ತೆಯ ಮಗ್ಗುಲಿಗೆ ನಿಲ್ಲಿಸಿದ್ದ ಟ್ರಾಕ್ಟರಿನ ಟ್ರೇಲರಿಗೆ ಬಡಿದರು. ಬಲಗಾಲು ಪಾದದ ಕೀಲಿಗಿಂತ ಒಂದು ಗೇಣು ಮೇಲಕ್ಕೆ ಮುರಿದು ಎಲುಬು ಚರ್ಮವನ್ನು ಹರಿದುಕೊಂಡು ಹೊರಗೆ ಬಂತು. ಮುಂದೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನಲವತ್ತೊಂದು ದಿನ ಅವರ ಮಂಚದ ಬಳಿ ಕಳೆದವನು ನಾನು. ಅಲ್ಲಿಯ ಶಸ್ತ್ರವೈದ್ಯರು ಪ್ರಶ್ನೆ ಕೇಳಿದರೆ ಬೇಸರಪಡುವವರಲ್ಲ. ಎಕ್ಸ್‌ರೇ ಚಿತ್ರದ ಲಕೋಟೆಯ ಬೆನ್ನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ತಿಳಿಸಿ ಹೇಳುತ್ತಿದ್ದರು. ಆ ಲಕೋಟೆ ಇನ್ನೂ ನನ್ನ ಬಳಿ ಇದೆ. ಈ ಲೇಖನಕ್ಕೆ ಮುಖ್ಯ ಆಧಾರ ಅದೇ. ಉಳಿದದ್ದು ಆಮೇಲೆ ಓದಿ ಕೂಡಿಸಿದ್ದು.

ಮೊಣಕಾಲಿನಿಂದ ಪಾದದ ಕೀಲಿನವರೆಗಿನ ಭಾಗವನ್ನು ಇಲ್ಲಿ ಕಣಕಾಲು ಎಂದು ಕರೆಯುತ್ತೇನೆ. ವಾಚಕರು ತಮ್ಮ ಕಣಕಾಲಿನ ಮುಂಭಾಗವನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿಕೊಳ್ಳಲಿ. ಒಳಮಗ್ಗುಲಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಎಲುಬು ನೇರವಾಗಿ ಬೆರಳಿಗೆ ತಾಗುತ್ತದೆ. ತೊಡೆಯ ಎಲುಬಿನ ಸುತ್ತಲೂ ದಪ್ಪನಾದ ಮಾಂಸವಿದೆ. ಕಣಕಾಲಿನ ದೊಡ್ಡ ಎಲುಬಿಗೆ ಮಾತ್ರ ಈ ಪಕ್ಕದಲ್ಲಿ ಚರ್ಮವೊಂದೇ ಹೊದಿಕೆ. ಹಿಂದೆ ಮೀನಖಂಡವಿದೆ ನಿಜ, ಆದರೆ ಅದೂ ಕೆಳಗಿಳಿದಂತೆ ಸಣ್ಣದಾಗಿ, ಕೊನೆಗೆ ಹಿಮ್ಮಡಿಗೆ ಕೂಡುವ ಹುರಿಯಾಗಿ ಮುಗಿಯುತ್ತದೆ. ಆದ್ದರಿಂದ ಇಲ್ಲಿ ಪೆಟ್ಟು ಬಿದ್ದರೆ ಚರ್ಮ ಹರಿದು ಎಲುಬು ಬತ್ತಲೆಯಾಗುವುದು ಬಹು ಸುಲಭ.

ನಮ್ಮವರು ಎಲುಬು ಮುರಿಯಿತೆಂದು ಅಳುತ್ತಾರೆ. ಶಸ್ತ್ರವೈದ್ಯರ ಚಿಂತೆ ಬೇರೆ. "ಎಲುಬು ಕೂಡಸೂದು ದೊಡ್ಡ ಮಾತಲ್ಲ ತಮ್ಮಾ, ಅದರ ಮ್ಯಾಲೆ ಏನು ಹೊದಸೂದು ಅನ್ನೂದು ದೊಡ್ಡ ಮಾತು" ಎಂದು ಅವರು ಮೊದಲ ದಿನವೇ ಹೇಳಿದರು. ಆ ಮಾತಿನ ಅರ್ಥ ನನಗೆ ಅಂದು ಆಗಲಿಲ್ಲ. ಎಲುಬೂ ಜೀವವುಳ್ಳ ವಸ್ತು. ಅದರ ಮೇಲ್ಪೊರೆ ಮತ್ತು ಸುತ್ತಲಿನ ಮಾಂಸ ಅದಕ್ಕೆ ರಕ್ತ ಕೊಡುತ್ತವೆ. ಪೊರೆ ಕಿತ್ತುಹೋಗಿ ಎಲುಬು ಗಾಳಿಗೆ ಬಿದ್ದರೆ ಅದು ಒಣಗಿ ಸಾಯುತ್ತದೆ. ಸತ್ತ ಎಲುಬಿನಲ್ಲಿ ಕೀವಿನ ಕ್ರಿಮಿಗಳು ಮನೆಮಾಡಿದರೆ ಔಷಧವೂ ಅಲ್ಲಿಗೆ ತಲುಪುವುದಿಲ್ಲ, ಏಕೆಂದರೆ ಔಷಧವನ್ನು ಒಯ್ಯುವುದೂ ರಕ್ತವೇ. ವರ್ಷಗಟ್ಟಲೆ ಸೋರುವ ಕಾಲುಗಳನ್ನು ನಮ್ಮ ಹಳ್ಳಿಗಳಲ್ಲಿ ಕಾಣದವರು ಯಾರು?

ಅಮೆರಿಕದ ಗಸ್ಟಿಲೊ ಮತ್ತು ಆಂಡರ್ಸನ್ ಎಂಬ ವೈದ್ಯರು 1976ರಲ್ಲಿ ಇಂಥ ತೆರೆದ ಮುರಿತಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. 1984ರಲ್ಲಿ ಮೂರನೆಯ ದರ್ಜೆಯನ್ನು ಮತ್ತೆ ಎ, ಬಿ, ಸಿ ಎಂದು ಒಡೆಯಲಾಯಿತು. ಎಲುಬು ಬತ್ತಲೆಯಾಗಿ, ಹತ್ತಿರದ ಚರ್ಮದಿಂದ ಮುಚ್ಚಲು ಸಾಧ್ಯವಿಲ್ಲದ್ದು ಮೂರು-ಬಿ. ಅದರ ಮೇಲೆ ಮುಖ್ಯ ರಕ್ತನಾಳವೂ ಹರಿದು ಜೋಡಿಸಬೇಕಾಗಿ ಬಂದರೆ ಮೂರು-ಸಿ. ಕಾಕಾನ ಕಾಲು ಮೂರು-ಬಿ. ಬೇರೆಡೆಯಿಂದ ಹೊದಿಕೆ ತರದೆ ಆ ಕಾಲಿಗೆ ಗತಿಯಿಲ್ಲ ಎಂಬುದೇ ಆ ಎರಡು ಅಕ್ಷರಗಳ ಅರ್ಥ.

ಹೊದಿಕೆ ಎಂದೊಡನೆ ನನಗೆ ಹೊಳೆದದ್ದು ಸುಟ್ಟಗಾಯಗಳಿಗೆ ಮಾಡುವ ಚರ್ಮದ ಕಸಿ. ತೊಡೆಯಿಂದ ಕಾಗದದಷ್ಟು ತೆಳುವಾದ ಚರ್ಮ ಸವರಿ ತೆಗೆದು ಗಾಯದ ಮೇಲೆ ಹಾಸಿದರೆ ಆಯಿತಲ್ಲ ಎಂದು ಕೇಳಿದೆ. ಆಗದು. ಆ ತೆಳು ಚರ್ಮಕ್ಕೆ ಸ್ವಂತ ರಕ್ತದ ದಾರಿ ಇಲ್ಲ. ಮೊದಲ ಒಂದೆರಡು ದಿನ ಅದು ಕೆಳಗಿನ ಗಾಯದ ತೇವವನ್ನೇ ಹೀರಿ ಬದುಕುತ್ತದೆ. ಆಮೇಲೆ ಕೆಳಗಿನಿಂದ ಸೂಕ್ಷ್ಮ ನಾಳಗಳು ಬಂದು ಕೂಡಿಕೊಳ್ಳಬೇಕು. ನಮ್ಮ ಎರೆ ಹೊಲಗಳ ಹಿಂಗಾರಿ ಜೋಳ ಮಳೆಯಿಲ್ಲದೆಯೂ ನೆಲದ ಹಸಿಯನ್ನು ನಂಬಿ ಬೆಳೆಯುವ ಹಾಗೆ. ಮಾಂಸದ ಮೇಲೆ ಹಾಸಿದರೆ ಈ ಕಸಿ ಹಿಡಿಯುತ್ತದೆ. ಬತ್ತಲೆ ಎಲುಬಿನ ಮೇಲೆ ಹಾಸುವುದು ಗಜೇಂದ್ರಗಡದ ಗುಡ್ಡದ ಬಂಡೆಯ ಮೇಲೆ ಜೋಳ ಬಿತ್ತಿದ ಹಾಗೆ.

ಬಂಡೆಯ ಮೇಲೆ ಬೆಳೆ ಬೇಕಾದರೆ ಮಣ್ಣನ್ನೂ ನೀರನ್ನೂ ಕೂಡಿಯೇ ಒಯ್ಯಬೇಕಲ್ಲವೇ? ವೈದ್ಯರು ಫ್ಲಾಪ್ ಎಂದು ಕರೆಯುವುದು ಇದನ್ನೇ. ಚರ್ಮ, ಅದರ ಕೆಳಗಿನ ಕೊಬ್ಬು, ಕೆಲವೊಮ್ಮೆ ಮಾಂಸ, ಇವೆಲ್ಲವನ್ನೂ ಪೋಷಿಸುವ ಧಮನಿ ಮತ್ತು ರಕ್ತ ಮರಳಿಸುವ ಸಿರೆ, ಇಷ್ಟನ್ನೂ ಒಂದೇ ತುಂಡಾಗಿ ಎತ್ತುತ್ತಾರೆ. ಧಮನಿ–ಸಿರೆಗಳ ಆ ತೊಟ್ಟನ್ನು ಕಡಿಯದೆ ತುಂಡನ್ನು ಮಾತ್ರ ತಿರುಗಿಸಿ ಪಕ್ಕದ ಗಾಯದ ಮೇಲೆ ಹೊದಿಸುವುದು ಒಂದು ರೀತಿ. ತೊಟ್ಟನ್ನು ಕಡಿದು, ತುಂಡನ್ನು ದೂರಕ್ಕೆ ಒಯ್ದು, ಗಾಯದ ಬಳಿಯ ಧಮನಿ–ಸಿರೆಗಳಿಗೆ ಹೊಲಿಯುವುದು ಇನ್ನೊಂದು ರೀತಿ. ಮಲಪ್ರಭೆಯ ಕಾಲುವೆ ಕಂಡ ನರಗುಂದದ ಮಿತ್ರರಿಗೆ ವ್ಯತ್ಯಾಸ ಕೂಡಲೆ ತಿಳಿದೀತು: ಮೊದಲನೆಯದು ಇದ್ದ ಹರಿಗಾಲುವೆಯನ್ನೇ ಬೇರೆ ಹೊಲಕ್ಕೆ ತಿರುಗಿಸಿದಂತೆ, ಎರಡನೆಯದು ತೋಟವನ್ನು ಕಾಲುವೆಯ ತುಂಡಿನೊಡನೆ ಕಿತ್ತು ಬೇರೊಂದು ಕಾಲುವೆಗೆ ಕೂಡಿಸಿದಂತೆ.

ಇದೆಲ್ಲ ಪಶ್ಚಿಮದ ಹೊಸ ವಿದ್ಯೆ ಎಂದು ನಾನು ತಿಳಿದಿದ್ದೆ. ಆದರೆ ಹುಡುಕುತ್ತ ಹೋದಾಗ ದಾರಿ ನಮ್ಮ ಪಠ್ಯಕ್ಕೇ ಬಂದು ಮುಟ್ಟಿತು. 1785ನೆಯ ಇಸ್ವಿಯಲ್ಲಿ ಟೀಪುವಿನ ಸೈನ್ಯ ನರಗುಂದವನ್ನು ಹಿಡಿದದ್ದು, ಅದರ ಬೆನ್ನಿಗೆ ಹತ್ತಿದ ಮರಾಠಾ–ಮೈಸೂರು ಯುದ್ಧ 1787ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ನಿಂತದ್ದು ನಾವೆಲ್ಲ ಪರೀಕ್ಷೆಗೆ ಓದಿದ ಸಂಗತಿ. ಒಪ್ಪಂದ ಬಹುಕಾಲ ಶಾಂತಿ ತರಲಿಲ್ಲ. 1790ರಲ್ಲಿ ಮತ್ತೆ ಯುದ್ಧ ಹೊತ್ತಿತು. ಈ ಸಲ ಇಂಗ್ಲಿಷರೂ ಕೂಡಿದ್ದರು. ಅವರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠಾ ಒಕ್ಕಲಿಗ ಟೀಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷಕ್ಕೂ ಮಿಕ್ಕು ಮೂಗಿಲ್ಲದೆ ಇದ್ದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಬಿಡಿಸಿ ಹಣೆಯ ಮೇಲೆ ಹಾಸಿ, ಸುತ್ತ ಗೆರೆ ಎಳೆದು, ಅಷ್ಟು ಚರ್ಮವನ್ನು ಎಬ್ಬಿಸಿದ. ಹುಬ್ಬುಗಳ ನಡುವೆ ಮಾತ್ರ ಒಂದು ತೊಟ್ಟು ಉಳಿಸಿ, ಆ ಚರ್ಮವನ್ನು ಕೆಳಕ್ಕೆ ತಿರುವಿ ಮೂಗಿನ ಜಾಗದಲ್ಲಿ ಕೂಡಿಸಿದ. ಕಾಚು ಸವರಿದ ಬಟ್ಟೆಯ ಪಟ್ಟಿ, ನಾಲ್ಕು ದಿನದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಇಪ್ಪತ್ತೈದನೆಯ ದಿನದ ಸುಮಾರಿಗೆ, ಚರ್ಮ ಹೊಸ ಜಾಗದಲ್ಲಿ ಬೇರೂರಿದ ಮೇಲೆ, ತೊಟ್ಟನ್ನು ಕೊಯ್ದ. ಈ ವೃತ್ತಾಂತ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝಿನ್ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಯಿತು. ಅದನ್ನು ಓದಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮವನ್ನು ಅನುಸರಿಸಿದ. ಮೂಗು ಕಳೆದುಕೊಂಡವನ ಹೆಸರು ಪತ್ರಿಕೆಯಲ್ಲಿದೆ, ಮಾಡಿಕೊಟ್ಟವನ ಹೆಸರಿಲ್ಲ. ನಮ್ಮ ಕಸಬುದಾರರ ಪಾಲಿಗೆ ಇದು ಹೊಸದಲ್ಲ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನವಂತೂ ಸುಶ್ರುತ ಸಂಹಿತೆಯಲ್ಲಿಯೇ ಇದೆ.

ಮೂಗಿಗೆ ಸಾಧ್ಯವಾದದ್ದು ಕಾಲಿಗೆ ಏಕೆ ಇಷ್ಟು ತಡವಾಯಿತು? ಹಣೆ ಮೂಗಿನ ನೆರೆಮನೆ, ರಕ್ತಸಮೃದ್ಧವಾದದ್ದು. ಕಣಕಾಲಿನ ನೆರೆಯಲ್ಲಿ ಸಾಲ ಕೊಡುವಷ್ಟು ಚರ್ಮವೇ ಇಲ್ಲ. 1854ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಒಂದು ಕಾಲಿನ ಗಾಯಕ್ಕೆ ಇನ್ನೊಂದು ಕಾಲಿನ ಚರ್ಮವನ್ನು ತೊಟ್ಟುಸಹಿತ ಹೊಲಿದ. ಚರ್ಮ ಹಿಡಿಯುವವರೆಗೆ, ಅಂದರೆ ಸುಮಾರು ಮೂರು ವಾರ, ಎರಡೂ ಕಾಲುಗಳನ್ನು ಕೂಡಿಸಿ ಕಟ್ಟಿಯೇ ಮಲಗಬೇಕು. ಬೇರೆ ದಾರಿ ಕಾಣದಾಗ ಈ ಉಪಾಯವನ್ನು ಇಂದಿಗೂ ಮಾಡುವುದುಂಟು. ಕಳೆದ ಶತಮಾನದ ಅರವತ್ತರ ದಶಕದಲ್ಲಿ ರಾಲ್ಫ್ ಗರ್ ಎಂಬವರು ಮೀನಖಂಡದ ಮಾಂಸವನ್ನೇ ತಿರುವಿ ಎಲುಬನ್ನು ಮುಚ್ಚಿ ತೋರಿಸಿದರು. ಅಂದಿನಿಂದ ಶಸ್ತ್ರವೈದ್ಯರು ಕಣಕಾಲನ್ನು ಮೂರು ಪಾಲು ಮಾಡಿ ನೋಡುತ್ತಾರೆ. ಮೇಲಿನ ಪಾಲಿಗೆ ಮೀನಖಂಡದ ಹೊರಮಾಂಸ, ನಡುವಿನ ಪಾಲಿಗೆ ಅದರಡಿಯ ಚಪ್ಪಟೆ ಮಾಂಸ. ಮಾಂಸದ ಮೇಲೆ ತೆಳು ಕಸಿ ಹಾಸಿದರೆ ಮುಗಿಯಿತು. ಕೆಳಗಿನ ಪಾಲೇ ತೊಡಕಿನದು. ಅಲ್ಲಿ ತಿರುವಲು ಮಾಂಸವಿಲ್ಲ. ಚಿಕ್ಕ ಗಾಯವಾದರೆ ಹಿಂಬದಿಯ ಚರ್ಮವನ್ನು ಕೆಳಗಿನ ತೊಟ್ಟಿನ ಮೇಲೆ ಮಗುಚಿ ತರಬಹುದು. ದೊಡ್ಡದಾದರೆ ತೊಡೆಯಿಂದಲೋ ಬೆನ್ನಿನಿಂದಲೋ ತೊಟ್ಟು ಕಡಿದು ತಂದು ಜೋಡಿಸಬೇಕು.

ಒಂದರಿಂದ ಮೂರು ಮಿಲಿಮೀಟರು ಅಗಲದ ನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ, ತಲೆಗೂದಲಿಗಿಂತ ತೆಳ್ಳಗಿನ ದಾರದಿಂದ ಹೊಲಿಯುವ ಕೆಲಸವಿದು. 1973ರಲ್ಲಿ ಮೆಲ್ಬೋರ್ನಿನಲ್ಲಿ ಡೇನಿಯಲ್ ಮತ್ತು ಟೇಲರ್ ಎಂಬವರು ತೊಡೆಯ ಸಂದಿನ ಚರ್ಮವನ್ನು ಹೀಗೆ ಕಣಕಾಲಿಗೆ ಸಾಗಿಸಿದ್ದು ಪ್ರಸಿದ್ಧವಾಗಿದೆ. ಅದಕ್ಕೆ ಎರಡು ವರ್ಷ ಮೊದಲೇ, 1971ರಲ್ಲಿ, ಮುಂಬಯಿಯ ನೋಶಿರ್ ಅಂಟಿಯಾ ಮತ್ತು ಬುಚ್ ಹೊಟ್ಟೆಯ ಭಾಗದ ಕೊಬ್ಬಿನ ತುಂಡನ್ನು ರಕ್ತನಾಳ ಹೊಲಿದು ಮುಖಕ್ಕೆ ಜೋಡಿಸಿದ ವರದಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬಂದಿತ್ತು. ಈ ಅಂಟಿಯಾ ಹುಟ್ಟಿದ್ದು 1922ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ! ಕುಷ್ಠರೋಗಿಗಳ ಮುಖ ಕೈಗಳನ್ನು ತಿದ್ದುವುದರಲ್ಲಿ ಆಯುಷ್ಯ ಕಳೆದ ಈ ಮಹನೀಯರ ಹೆಸರನ್ನು ನಾನು ಯಾವ ಪಠ್ಯದಲ್ಲಿಯೂ ಕಂಡಿರಲಿಲ್ಲ.

ಇನ್ನು ಕಾಕಾನ ಕಾಲಿಗೆ ಬರೋಣ. ಅಪಘಾತದ ಜಾಗದಲ್ಲಿ ಕೂಡಿದವರಲ್ಲಿ ಯಾರೋ ಪುಣ್ಯಾತ್ಮರು ನೆತ್ತರು ನಿಲ್ಲಲೆಂದು ಅರಿಷಿಣಪುಡಿ ತಂದು ಗಾಯದೊಳಕ್ಕೆ ತುಂಬಿದರು. ಅದರ ಜೊತೆಗೆ ರಸ್ತೆಯ ಮಣ್ಣು, ಹರಿದ ಧೋತರದ ಎಳೆ. ಆ ರಾತ್ರಿ ಒಯ್ದ ಕಡೆಯಲ್ಲಿ ಗಾಯವನ್ನು ಮೇಲಿಂದ ಮೇಲೆ ತೊಳೆದು, ಇದ್ದ ಚರ್ಮವನ್ನು ಬಿಗಿದೆಳೆದು ಹೊಲಿದು, ಪಟ್ಟಿ ಹಾಕಿ ಮಲಗಿಸಿದರು. ನೋಡುವವರಿಗೆ ಗಾಯ ಮುಚ್ಚಿತ್ತು. ನಾವು ದೇವರಿಗೆ ಕಾಯಿ ಒಡೆದೆವು. ಮೂರನೆಯ ದಿನ ಪಟ್ಟಿಯಿಂದ ವಾಸನೆ ಹೊಡೆಯಿತು. ಬಿಚ್ಚಿದಾಗ ಬಿಗಿದ ಚರ್ಮದ ಅಂಚು ಕಪ್ಪಾಗಿ ಸತ್ತಿತ್ತು. ನಾಲ್ಕನೆಯ ದಿನ ಬೆಳಗ್ಗೆ ಹುಬ್ಬಳ್ಳಿಗೆ ಹೊರಟೆವು. ರೋಣದಿಂದ ತೊಂಬತ್ತು ಕಿಲೋಮೀಟರಿಗೆ ಹತ್ತಿರದ ದಾರಿ. ಗಜೇಂದ್ರಗಡದವರಿಗೆ ಅದಕ್ಕೂ ಹೆಚ್ಚು. ಹೆದ್ದಾರಿಯ ಮೇಲಿರುವ ನರಗುಂದದವರು ಅಷ್ಟರಮಟ್ಟಿಗೆ ಭಾಗ್ಯವಂತರು.

ಆ ನಾಲ್ಕು ದಿನಗಳ ಬೆಲೆಯನ್ನು ವೈದ್ಯರು ಲಕೋಟೆಯ ಮೇಲೆ ಬರೆದು ತೋರಿಸಿದರು. ಲ್ಯುಬ್ಲಿಯಾನಾ ನಗರದ ಮಾರ್ಕೊ ಗೋದಿನಾ ಎಂಬ ಶಸ್ತ್ರವೈದ್ಯರು 532 ರೋಗಿಗಳ ಲೆಕ್ಕವಿಟ್ಟಿದ್ದರು. ಗಾಯವಾದ 72 ತಾಸಿನೊಳಗೆ ಸತ್ತ ಭಾಗವನ್ನೆಲ್ಲ ಕೊಯ್ದು ಹೊದಿಕೆ ಹಾಕಿದವರಲ್ಲಿ ಹೊದಿಕೆ ಕೆಟ್ಟದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ, 0.75. ಮೂರು ದಿನ ದಾಟಿ ಮೂರು ತಿಂಗಳೊಳಗೆ ಮಾಡಿದವರಲ್ಲಿ ನೂರಕ್ಕೆ 12. ಕೀವು ಹಿಡಿದದ್ದು ಮೊದಲ ಗುಂಪಿನಲ್ಲಿ 1.5, ಎರಡನೆಯದರಲ್ಲಿ 17.5. ಈ ಲೆಕ್ಕ ಅಚ್ಚಾದದ್ದು 1986ರಲ್ಲಿ. ಅದೇ ವರ್ಷ ಗೋದಿನಾ ತಾವೇ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಈಗ ಗಾಯದ ತೇವವನ್ನು ಯಂತ್ರದಿಂದ ಹೀರುತ್ತ ಸ್ವಚ್ಛವಾಗಿಡುವ ಪಟ್ಟಿಗಳು ಬಂದಿರುವುದರಿಂದ 72 ತಾಸಿನ ಗಡಿ ಅಷ್ಟು ಕಟ್ಟುನಿಟ್ಟಲ್ಲವೆಂದು ಹಲವರ ಮತ. ಸುಮ್ಮನೆ ಕಳೆದ ದಿನ ಕೆಡಿಸುವ ದಿನವೇ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಹೀಗಾಗಿ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ರಸ್ತೆಯಲ್ಲಿ ಇಂಥ ಕಾಲನ್ನು ಕಂಡರೆ ಗಾಯಕ್ಕೆ ಏನನ್ನೂ ತುಂಬಬಾರದು. ಹೊರಬಂದ ಎಲುಬನ್ನು ಒಳಕ್ಕೆ ನೂಕಬಾರದು. ಶುಭ್ರವಾದ ಒದ್ದೆ ಬಟ್ಟೆ ಮುಚ್ಚಿ, ನೆತ್ತರು ಹರಿಯುತ್ತಿದ್ದರೆ ಮೇಲಿನಿಂದ ಒತ್ತಿ ಹಿಡಿದು, ಕಾಲು ಅಲುಗದಂತೆ ಹಲಗೆ ಕಟ್ಟಿ, 108ಕ್ಕೆ ಕರೆ ಮಾಡಬೇಕು. ಧನುರ್ವಾಯುವಿನ ಚುಚ್ಚುಮದ್ದು, ಕೀವು ತಡೆಯುವ ಚುಚ್ಚುಮದ್ದು ಹತ್ತಿರದ ಆಸ್ಪತ್ರೆಯಲ್ಲಿಯೇ ಸಿಗುತ್ತವೆ. ಅವು ಬೇಗ ಬಿದ್ದಷ್ಟೂ ಒಳ್ಳೆಯದು. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಎಲುಬಿನ ವೈದ್ಯರೂ ಪ್ಲಾಸ್ಟಿಕ್ ಸರ್ಜನರೂ ಒಂದೇ ಕಡೆ ಇರುವುದು ಎಲ್ಲಿ? ಪ್ಲಾಸ್ಟಿಕ್ ಸರ್ಜನರೆಂದರೆ ಸಿನಿಮಾ ನಟಿಯರ ಮೂಗು ತಿದ್ದುವವರೆಂದು ನಮ್ಮ ಓಣಿಯಲ್ಲಿ ಇಂದಿಗೂ ನಗುತ್ತಾರೆ. ನಾನೂ ನಕ್ಕವನೇ.

ಹುಬ್ಬಳ್ಳಿಯಲ್ಲಿ ಮೊದಲು ಹೊಲಿಗೆಗಳನ್ನೆಲ್ಲ ಬಿಚ್ಚಿದರು. ಲೀಟರುಗಟ್ಟಲೆ ಉಪ್ಪುನೀರಿನಿಂದ ತೊಳೆದು, ಕೊಯ್ದರೆ ರಕ್ತ ಬಾರದ, ಚಿವುಟಿದರೆ ಮಿಡಿಯದ ಮಾಂಸವನ್ನೆಲ್ಲ ಕತ್ತರಿಸಿ ತೆಗೆದರು. ಎರಡು ದಿನ ಬಿಟ್ಟು ಮತ್ತೊಮ್ಮೆ ಅದೇ ಕೆಲಸ. ಎಲುಬಿಗೆ ಹೊರಗಿನಿಂದ ಉಕ್ಕಿನ ಸಲಾಕೆಗಳ ಚೌಕಟ್ಟು. ಗಾಯ ಮೊದಲಿಗಿಂತ ದೊಡ್ಡದಾದದ್ದನ್ನು ಕಂಡು ಅಜ್ಜಿ ಹೌಹಾರಿದಳು. ಕಾಕಾ ಒಂದು ಸಂಜೆ ನೇರವಾಗಿಯೇ ಕೇಳಿದರು: "ಸಾಹೇಬ್ರ, ಖರೇ ಹೇಳ್ರಿ. ಕಡೀತೀರೋ, ಉಳಸ್ತೀರೋ?"

ಅದು ಸುಲಭದ ಪ್ರಶ್ನೆಯಲ್ಲ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು ಚರ್ಮ, ಎಲುಬು, ಮಾಂಸ–ನರಗಳ ಹಾನಿಗೂ ರೋಗಿಯ ಸ್ಥಿತಿಗೂ ಅಂಕ ಕೊಡುವ ಕ್ರಮವೊಂದನ್ನು ರೂಪಿಸಿ 2006ರಲ್ಲಿ ಪ್ರಕಟಿಸಿದ್ದಾರೆ. 14ರವರೆಗೆ ಬಂದರೆ ಕಾಲು ಉಳಿಸುವ ಯತ್ನ. 17 ಮುಟ್ಟಿದರೆ ಕಡಿಯುವುದೇ ಮೇಲು. ನಡುವೆ ಬಂದರೆ ಅನುಭವಿಗಳ ವಿವೇಚನೆ. ಕಾಕಾನಿಗೆ 13 ಬಂದಿತ್ತು. ಕಡಿಯುವುದೆಲ್ಲ ಸೋಲು ಎಂದು ನಾನು ತಿಳಿದಿದ್ದೆ, ಅದೂ ತಪ್ಪು. ಅಮೆರಿಕದಲ್ಲಿ ಇಂಥ 569 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕಾಲು ಉಳಿಸಿಕೊಂಡವರ ಬಾಳಿಗೂ ಕೃತಕ ಕಾಲಿನವರ ಬಾಳಿಗೂ ಒಟ್ಟಿನಲ್ಲಿ ಹೆಚ್ಚು ಅಂತರ ಕಾಣಲಿಲ್ಲ. ಉಳಿಸಿಕೊಂಡವರೇ ಆಸ್ಪತ್ರೆಗೆ ಹೆಚ್ಚು ಸಲ ಮರಳಿದರು. ಆದರೆ ಆ ಲೆಕ್ಕವನ್ನು ನಮ್ಮ ಹೊಲಕ್ಕೆ ಹಾಗೆಯೇ ತರಬಹುದೆಂದು ನನಗೆ ಅನಿಸುವುದಿಲ್ಲ. ಮಳೆಗಾಲದ ಎರೆ ಮಣ್ಣು ಒಂದು ಹೆಜ್ಜೆಗೆ ಒಂದು ಸೇರು ಕಾಲಿಗೆ ಹತ್ತುತ್ತದೆ. ಜೈಪುರದ ಕೃತಕ ಕಾಲು ಬರಿಗಾಲಿನಲ್ಲಿ ನಡೆಯುವವರಿಗಾಗಿ, ಕೆಳಗೆ ಕೂಡ್ರುವವರಿಗಾಗಿ ಮಾಡಿದ್ದು ನಿಜ. ಆದರೂ ಆ ಮಣ್ಣಿನಲ್ಲಿ ಕುಂಟೆ ಹೊಡೆಯುವವನಿಗೆ ಸ್ವಂತ ಅಂಗಾಲಿನ ಸ್ಪರ್ಶ ಬೇರೆಯೇ. ಕಾಕಾನ ಅಂಗಾಲಿಗೆ ಸ್ಪರ್ಶಜ್ಞಾನ ಉಳಿದಿತ್ತು. "ಉಳಸಾಕ ನೋಡ್ತೀವಿ. ತಂಬಾಕ ಮಾತ್ರ ಇವತ್ತಿಂದ ಬಂದ್" ಎಂದರು ವೈದ್ಯರು. ತಂಬಾಕಿನ ವಿಷ ಸಣ್ಣ ನಾಳಗಳನ್ನು ಹಿಚುಕಿ ಹಿಡಿಯುತ್ತದೆ. ಹೊಸ ಹೊದಿಕೆಗೆ ಅದೇ ಶತ್ರು. ಇಪ್ಪತ್ತು ವರ್ಷದ ತಂಬಾಕಿನ ಚೀಲವನ್ನು ಕಾಕಾ ಅಂದು ನನ್ನ ಕೈಗೆ ಕೊಟ್ಟರು.

ಅಪಘಾತವಾದ ಒಂಬತ್ತನೆಯ ದಿನ ಶಸ್ತ್ರಕ್ರಿಯೆ. ಎಡತೊಡೆಯ ಹೊರಬದಿಯಿಂದ ಅಂಗೈ ಎರಡು ಸೇರಿದಷ್ಟು ಚರ್ಮ–ಕೊಬ್ಬು ತಂದು, ಕಣಕಾಲಿನ ಧಮನಿಗೂ ಸಿರೆಗೂ ಹೊಲಿದು ಬಲಗಾಲನ್ನು ಮುಚ್ಚಿದರು. ಎಂಟು ತಾಸು ಹಿಡಿಯಿತು. ನಾನು ಮುಗಿಯಿತೆಂದುಕೊಂಡೆ. ಆದರೆ ಮೊದಲ ಎರಡು ದಿನಗಳೇ ನಿಜವಾದ ಪರೀಕ್ಷೆಯಂತೆ. ತಾಸಿಗೊಮ್ಮೆ ದಾದಿ ಬಂದು ಹೊದಿಕೆಯ ಬಣ್ಣ ನೋಡಿ, ಬಿಸುಪು ನೋಡಿ, ಬೆರಳಿನಿಂದ ಒತ್ತಿ ಬಿಡುತ್ತಿದ್ದಳು. ಒತ್ತಿದಲ್ಲಿ ಬೆಳ್ಳಗಾಗಿ ಎರಡು ಮೂರು ಕ್ಷಣದಲ್ಲಿ ಬಣ್ಣ ಮರಳಬೇಕು. ಮರಳದೆ ತಣ್ಣಗೆ ಬಿಳಿಚಿದರೆ ಧಮನಿ ಕಟ್ಟಿದೆ. ಕಣ್ಣೆವೆ ಇಕ್ಕುವುದರೊಳಗೆ ಮರಳಿ, ಮೈ ನೇರಿಳೆಯಾಗುತ್ತ ಬಂದರೆ ರಕ್ತ ಒಳಬರುತ್ತಿದೆ, ಹೊರಹೋಗುತ್ತಿಲ್ಲ, ಸಿರೆ ಕಟ್ಟಿದೆ. ರಾತ್ರಿ ಎರಡರ ಸುಮಾರಿಗೆ ಆ ದಾದಿ ಒತ್ತಿ ನೋಡಿದವಳು ಮತ್ತೊಮ್ಮೆ ಒತ್ತಿದಳು, ದೀಪ ಹತ್ತಿರ ತರಿಸಿದಳು, ಮಾತಾಡದೆ ಓಡಿದಳು. ಅರ್ಧ ತಾಸಿನಲ್ಲಿ ಕಾಕಾನನ್ನು ಮತ್ತೆ ಒಳಗೆ ಒಯ್ದರು. ಸಿರೆಯಲ್ಲಿ ಗರಣೆಗಟ್ಟಿದ್ದ ರಕ್ತವನ್ನು ತೆಗೆದು, ಹೊಲಿಗೆ ಬಿಚ್ಚಿ ಮತ್ತೆ ಹಾಕಿದರಂತೆ. ಬೆಳಗಾಗುವಾಗ ಹೊದಿಕೆ ತನ್ನ ಬಣ್ಣಕ್ಕೆ ಮರಳಿತ್ತು. ಆ ದಾದಿ ಇನ್ನೊಂದು ತಾಸು ತಡೆದಿದ್ದರೆ ಈ ಲೇಖನ ಬೇರೆ ರೀತಿ ಬರೆಯಬೇಕಾಗುತ್ತಿತ್ತು, ಅಥವಾ ನಾನು ಬರೆಯುತ್ತಲೇ ಇರಲಿಲ್ಲ.

ಎಲುಬು ಕೂಡಲು ಮುಂದೆ ಹತ್ತು ತಿಂಗಳು ಬೇಕಾಯಿತು. ಮತ್ತೊಂದು ಶಸ್ತ್ರಕ್ರಿಯೆಯೂ ಆಯಿತು. ಒಂದು ಎಕರೆ ಹೊಲವನ್ನು ಲಾವಣಿಗೆ ಹಾಕಿ ಹಣ ತಂದೆವು. ಕಾಕಾ ಈಗ ಕೋಲಿಲ್ಲದೆ ನಡೆಯುತ್ತಾರೆ, ಸ್ವಲ್ಪ ಎಳೆದು. ಹೊದಿಕೆ ಉಬ್ಬಿಕೊಂಡಿದೆ, ಹೋಳಿಗೆ ಅಂಟಿಸಿದ ಹಾಗೆ ಎಂದು ಅವರೇ ನಗುತ್ತಾರೆ. ತೊಡೆಯ ಕೂದಲು ಕಣಕಾಲಿನಲ್ಲಿ ಬೆಳೆದಿದೆ. ನರ ಜೋಡಿಸಿಲ್ಲವಾದ್ದರಿಂದ ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ. ಕಡಲೆ ಹೊಲದಲ್ಲಿ ಬೆಳಗಿನ ಹುಳಿ ಕಾಲಿಗೆ ಹತ್ತಿ ಉರಿಯುವುದು ನಮಗೆಲ್ಲ ಗೊತ್ತು. ಆ ಜಾಗದಲ್ಲಿ ಸುಟ್ಟರೂ ಅವರಿಗೆ ಗೊತ್ತಾಗದು. ಅದಕ್ಕಾಗಿ ದಪ್ಪ ಕಾಲುಚೀಲ ಹಾಕಿಕೊಂಡೇ ಹೊಲಕ್ಕೆ ಇಳಿಯುತ್ತಾರೆ. ಸಂಜೆ ಮನೆಗೆ ಬಂದೊಡನೆ ಚಿಗವ್ವ ಕಾಲು ತೊಳೆಸಿ, ಪಡಸಾಲೆಯ ದೀಪದ ಕೆಳಗೆ ಕೂಡ್ರಿಸಿ, ಆ ಚರ್ಮವನ್ನು ಇಂಚಿಂಚಾಗಿ ನೋಡುತ್ತಾಳೆ. ಒಮ್ಮೊಮ್ಮೆ ದಾದಿಯ ಹಾಗೆ ಬೆರಳಿನಿಂದ ಒತ್ತಿ, ಬಣ್ಣ ಮರಳುವವರೆಗೆ ಕಾಯುತ್ತಾಳೆ.